ಪೋರ್ಟಿನ ದೀಪ ಹಸಿರು, ನೇಬರ್ ಮಾತ್ರ ಮಾಯ

ಪ್ರಶ್ನೆ: ತೀರ್ಥಹಳ್ಳಿಯ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಮುಖ್ಯ ಕಚೇರಿ, ನಾಲ್ಕು ಶಾಖೆ ಸೇರಿ ಐದು ಲೇಯರ್ 3 ಸ್ವಿಚ್‌ಗಳು (ಡೇಟಾಕ್ಕೆ ದಾರಿಯನ್ನೂ ಆರಿಸುವ ಸ್ವಿಚ್) ಫೈಬರ್ ಮೇಲೆ ಒಂದೇ ವಿಎಲ್‌ಎಎನ್‌ನಲ್ಲಿವೆ (ಒಂದೇ ಜಾಲದಂತೆ ಕೆಲಸ ಮಾಡುವ ಗುಂಪು), ದಾರಿಗಳ ಮಾಹಿತಿಯನ್ನು ಸ್ವಿಚ್‌ಗಳೇ ಪರಸ್ಪರ ಹಂಚಿಕೊಳ್ಳಲು ಓಎಸ್‌ಪಿಎಫ್ ಹಾಕಿದ್ದೇವೆ. ಜಡಿಮಳೆ ಹಿಡಿದರೆ ಆಗುಂಬೆ ಕಡೆಯ ಶಾಖೆ ಆಗಾಗ ಸಂಪರ್ಕ ಕಳೆದುಕೊಳ್ಳುತ್ತದೆ. ನಮ್ಮ ಪೋರ್ಟಿನ ಹಸಿರು ದೀಪ ಆರುವುದಿಲ್ಲ. ಲಾಗಿನ್ ಆಗಿ ನೋಡುವಷ್ಟರಲ್ಲಿ ನೇಬರ್ (ಓಎಸ್‌ಪಿಎಫ್‌ನಲ್ಲಿ ಆಚೆ ಬದಿಯ ಸ್ವಿಚ್) ‘ಫುಲ್’, ಅಂದರೆ ಮಾಹಿತಿ ಪೂರ್ತಿ ಹಂಚಿಕೊಂಡ ಸ್ಥಿತಿ, ಎಂದೇ ಇರುತ್ತದೆ. ಬೇರೆ ಎರಡು ಶಾಖೆಗಳು ಸದಾ ‘ಟು-ವೇ’ಯಲ್ಲೇ (ಪರಸ್ಪರ ಗುರುತಿಸಿದ್ದಷ್ಟೇ) ನಿಂತಿವೆ. ಏನು ಮಾಡಲಿ?

ಉತ್ತರ: ಟು-ವೇ ಬಗ್ಗೆ ಚಿಂತೆ ಬೇಡ. ಒಂದೇ ವಿಎಲ್‌ಎಎನ್‌ನಲ್ಲಿ ಡಿಆರ್ (ಮುಂದಾಳು), ಬಿಡಿಆರ್ (ಅದರ ಬದಲಿ) ಎಂದು ಎರಡು ಸ್ವಿಚ್‌ಗಳು ಆಯ್ಕೆಯಾಗುತ್ತವೆ. ಉಳಿದವು ಆ ಎರಡರ ಜೊತೆ ಮಾತ್ರ ಫುಲ್ ಆಗುತ್ತವೆ, ತಮ್ಮತಮ್ಮಲ್ಲಿ ಟು-ವೇಯಲ್ಲೇ ಇರುತ್ತವೆ. ಆದರೆ ಇದರಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ: ಎರಡು ಶಾಖೆಗಳ ಜೊತೆ ಟು-ವೇಯಲ್ಲಿರುವ ನಿಮ್ಮ ಸ್ವಿಚ್ ಆ ಎರಡರಲ್ಲಿ ಒಂದಲ್ಲ, ಹಾಗಾಗಿ ಅದರ ಜೊತೆ ಫುಲ್ ಆಗಿರುವ, ಪದೇ ಪದೇ ಬೀಳುವ ಆಗುಂಬೆ ಶಾಖೆಯೇ ನಿಮ್ಮಲ್ಲಿ ಡಿಆರ್ ಇಲ್ಲವೇ ಬಿಡಿಆರ್! ಅದು ಬಿದ್ದಾಗಲೆಲ್ಲ ಮತ್ತೆ ಆಯ್ಕೆ ನಡೆದು ಉಳಿದವರಿಗೂ ತೊಂದರೆ. ಕಚೇರಿ ಮುಗಿದ ಮೇಲೆ ಅಲ್ಲಿನ ಪ್ರಯಾರಿಟಿಯನ್ನು (ಆಯ್ಕೆಯಲ್ಲಿ ನೋಡುವ ಆದ್ಯತೆ) 0 ಮಾಡಿ, ಆಗ ಅದು ಆಯ್ಕೆಗೇ ನಿಲ್ಲುವುದಿಲ್ಲ; ಮುಖ್ಯ ಕಚೇರಿಯದನ್ನು ಎಲ್ಲಕ್ಕಿಂತ ಹೆಚ್ಚಿಡಿ.

ಹಸಿರು ದೀಪದ ಮಾತಿಗೆ ಬರೋಣ. ನಡುವೆ ತಾಮ್ರದ ಕೇಬಲನ್ನು ಫೈಬರ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇರಬೇಕು. ಆಚೆ ಫೈಬರ್ ಕಡಿದರೂ ಸ್ವಿಚ್‌ಗೂ ಕನ್ವರ್ಟರ್‌ಗೂ ನಡುವಿನ ತಾಮ್ರದ ಕೇಬಲ್ ಸರಿಯಾಗೇ ಇರುವುದರಿಂದ ದೀಪ ಉರಿಯುತ್ತಲೇ ಇರುತ್ತದೆ. ಸ್ವಿಚ್‌ಗೆ ವಿಷಯ ತಿಳಿಯುವುದು ನೇಬರ್ ಆಗಾಗ ಕಳಿಸುವ ‘ಹಲೋ’ ಸಂದೇಶ ನಿಂತ ಮೇಲೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದಕ್ಕೆ 40 ಸೆಕೆಂಡ್ ಬೇಕು. ಹಾಗಾಗಿ ಪೋರ್ಟನ್ನಷ್ಟೇ ಕಾಯುವ ಮಾನಿಟರಿಂಗ್ ಇಲ್ಲಿ ಸಾಲದು, ನೇಬರನ್ನೇ ಕಾಯಬೇಕು.

ಮುಂದಿನ ಸಲ ಮಳೆ ಜೋರಾದಾಗ ‘ಶೋ ಐಪಿ ಓಎಸ್‌ಪಿಎಫ್ ನೇಬರ್’ ಕೊಟ್ಟು ಡೆಡ್ ಟೈಮ್ ಕಾಲಂ (ಹಲೋ ಬಾರದಿದ್ದರೆ ನೇಬರ್ ಬಿತ್ತೆಂದು ತಿಳಿಯಲು ಉಳಿದ ಸೆಕೆಂಡ್) ನೋಡುತ್ತಾ ಕೂತುಕೊಳ್ಳಿ. 39, 35, 31 ಎಂದು ಇಳಿದು, 10 ಸೆಕೆಂಡಿಗೊಮ್ಮೆ ಹಲೋ ಬಂದಾಗ ಮತ್ತೆ 40ಕ್ಕೆ ಏರಬೇಕು. 27, 22 ಎಂದು ಇಳಿಯುತ್ತಿದ್ದರೆ ಹಲೋ ದಾರಿಯಲ್ಲೇ ಕಳೆದುಹೋಗುತ್ತಿದೆ ಎಂದರ್ಥ. ನೇಬರ್ ಇನ್ನೂ ಫುಲ್ ಎಂದೇ ತೋರಿಸುತ್ತಿರುತ್ತದೆ, ರೋಗ ಆಗಲೇ ಶುರುವಾಗಿರುತ್ತದೆ.

ಇಡೀ ದಿನ ಹೀಗೆ ಕೂರಲಾಗದು. ‘ಡೀಟೇಲ್’ ಸೇರಿಸಿ ಕೊಟ್ಟರೆ ನೇಬರ್ ಎಷ್ಟು ಹೊತ್ತಿನಿಂದ ಇದೆ, ಎಷ್ಟು ಸಲ ಸ್ಥಿತಿ ಬದಲಾಗಿದೆ ಎಂಬುದನ್ನು ಬಹಳಷ್ಟು ಸ್ವಿಚ್‌ಗಳು ಹೇಳುತ್ತವೆ. ‘ಫುಲ್’ ಎಂಬ ಪದಕ್ಕಿಂತ ಆ ಲೆಕ್ಕವನ್ನು ನಂಬಿ. ನೇಬರ್ ಬದಲಾವಣೆಯ ಲಾಗ್ ಮತ್ತು ಎಸ್‌ಎನ್‌ಎಂಪಿ ಟ್ರ್ಯಾಪ್ (ಸ್ವಿಚ್ ತಾನಾಗಿ ಕಳಿಸುವ ಎಚ್ಚರಿಕೆ) ಎರಡನ್ನೂ ಆನ್ ಮಾಡಿ, ಲಾಗನ್ನು ಕೂಡಿಡುವ ಹೊರಗಿನ ಸಿಸ್‌ಲಾಗ್ ಸರ್ವರ್‌ಗೆ ಕಳಿಸಿ. ನಮ್ಮ ಮಲೆನಾಡಿನಲ್ಲಿ ಗಾಳಿ ಬಂದರೆ ಕರೆಂಟ್ ಹೋಗುತ್ತದೆ. ಯುಪಿಎಸ್ ಕೈಕೊಟ್ಟರೆ ಸ್ವಿಚ್ಚಿನ ಮೆಮೊರಿಯಲ್ಲಿದ್ದ ಲಾಗ್ ಅಳಿದೇಹೋಗುತ್ತದೆ. ನೆಟ್‌ವರ್ಕಿನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಇಲ್ಲದಿದ್ದರೆ ಗಡಿಯಾರವೂ ತಪ್ಪಿ, ಮಳೆಯ ಹೊತ್ತಿಗೂ ಲಾಗಿಗೂ ತಾಳೆಯಾಗುವುದಿಲ್ಲ.

ಡೆಡ್ ಟೈಮರ್ ಇಳಿಸಿ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಕೇಳಬೇಡಿ. ಸೋತ ಲಿಂಕ್ ಇನ್ನಷ್ಟು ಸಲ ಬೀಳುತ್ತದೆ. ಒಂದೇ ಕಡೆ ಬದಲಿಸಿದರಂತೂ ನೇಬರ್ ಸಂಬಂಧವೇ ಕೂಡುವುದಿಲ್ಲ.

ನನ್ನ ಅನುಮಾನ ಫೈಬರ್ ಜಾಯಿಂಟ್ ಮೇಲೆ. ಸಾಗರದ ಹತ್ತಿರ ಇಂಥದ್ದೇ ಒಂದು ಕಡೆ ಅಡಿಕೆ ತೋಟದಂಚಿನ ಜಾಯಿಂಟ್ ಬಾಕ್ಸ್ ಬಿಚ್ಚಿದಾಗ ಒಳಗಿನಿಂದ ನೀರು ಸುರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಫೈಬರ್‌ನವರನ್ನು ಕರೆಸಿ, ಕನ್ವರ್ಟರ್ ಹತ್ತಿರ ಪವರ್ ಮೀಟರ್‌ನಲ್ಲಿ ಬೆಳಕು ಅಳೆಸಿ: ಹೊಳವಾದ ದಿನ ಒಮ್ಮೆ, ಮಳೆ ಸುರಿಯುವಾಗ ಇನ್ನೊಮ್ಮೆ. ಎರಡೂ ಅಂಕಿಗಳನ್ನು ಸಿಸ್‌ಲಾಗ್‌ನ ಜೊತೆ ನನಗೆ ಕಳಿಸಿ, ಮುಂದಿನದನ್ನು ಹೇಳುತ್ತೇನೆ.