ಕೊರೋನಾ ಬ್ಯಾಚ್‌ನವನು ನಾನು, ಒಂದು ವರ್ಷ ಡ್ರಾಪ್ ಮಾಡಿ ಬೇಸಿಕ್ಸ್ ಆನ್‌ಲೈನ್‌ನಲ್ಲಿ ಕಲಿಯಲೇ?
2021ರಲ್ಲಿ ಪರೀಕ್ಷೆಯಿಲ್ಲದೆ ಪಿಯುಸಿ ಪಾಸಾಗಿ, ಈಗ ಇಂಜಿನಿಯರಿಂಗ್ ತಲೆಗೆ ಹತ್ತುತ್ತಿಲ್ಲ, ನಿದ್ದೆಯೂ ಇಲ್ಲ ಅಂದಿದ್ದೀರಿ. ಡ್ರಾಪ್ ಬೇಡ. ನಾನು ನಿಮಗಿಂತ ಎರಡು ವರ್ಷ ಹಿರಿಯ, ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಇಂಜಿನಿಯರಿಂಗ್.

2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದಾಗ ನಾನು ಎರಡನೇ ಸೆಮಿಸ್ಟರ್. ಪರೀಕ್ಷೆ ನಡೆಯಲಿಲ್ಲ, ಇಂಟರ್ನಲ್ಸ್ ಮತ್ತು ಹಿಂದಿನ ಅಂಕ ನೋಡಿ ಮೂರನೆಯದಕ್ಕೆ ದಾಟಿಸಿದರು. ಊರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಸಿಗ್ನಲ್ ಸಿಗದೆ ಗುಡ್ಡದ ಮೇಲೆ ಟಾರ್ಪಾಲ್ ಕಟ್ಟಿಕೊಂಡು ಗೂಗಲ್ ಮೀಟ್‌ಗೆ ಕೂರುತ್ತಿದ್ದೆ. ಮಳೆ ಹೊಡೆದರೆ ಲೆಕ್ಚರರ್ ದನಿ ತುಂಡು ತುಂಡು.

ನನ್ನನ್ನು ಮುಳುಗಿಸಿದ್ದು "ರೆಕಾರ್ಡಿಂಗ್ ಇದೆಯಲ್ಲ, ಆಮೇಲೆ ನೋಡಿದರಾಯಿತು" ಅನ್ನೋ ಯೋಚನೆ. ಸೋಮಾರಿತನ ಅಲ್ಲ ಅದು, ದಯವಿಟ್ಟು ಹಾಗೆ ತಿಳಿಯಬೇಡಿ. ಫೈಲ್ ಡೌನ್‌ಲೋಡ್ ಆದ ಕೂಡಲೇ ಪಾಠ ಕಲಿತಷ್ಟೇ ಸಮಾಧಾನ ಆಗುತ್ತಿತ್ತು. ಗಣಿತದಲ್ಲಿ ಲಾಪ್ಲಾಸ್ ಅನ್ನೋ ಪಾಠ ಅರ್ಥವಾಗದಿದ್ದಾಗ ಸರ್‌ಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ, ರೆಕಾರ್ಡಿಂಗ್ ಇತ್ತಲ್ಲ. ಗೆಳೆಯರನ್ನೂ ಕೇಳಲಿಲ್ಲ. ಗಣಿತದ ಇನ್ನೊಂದು ಪಾಠ ಫೋರಿಯರ್ ಬಂತು, ಅದೂ ಫೋಲ್ಡರಿಗೆ. 2021ರ ಎರಡನೇ ಅಲೆಯ ಹೊತ್ತಿಗೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಅನ್ನೋ ವಿಷಯ ಶುರುವಾಯಿತು. ಅದು ನಿಂತಿರುವುದೇ ಇವೆರಡರ ಮೇಲೆ. ಆಗ ಆ ಫೋಲ್ಡರ್ ತೆರೆಯಲೂ ಕೈ ನಡುಗುತ್ತಿತ್ತು. ಒಂದು ವಿಡಿಯೋ ಅರ್ಥವಾಗಲು ಹಿಂದಿನದು ಬೇಕು, ಅದಕ್ಕೆ ಅದರ ಹಿಂದಿನದು.

ಸುತ್ತಮುತ್ತ ದಿನಾ ಸಾವಿನ ಸುದ್ದಿ. ಬೆಳಗಿನ ಜಾವದವರೆಗೂ ಎಚ್ಚರ ಇರುತ್ತಿದ್ದೆ. "ಇಡೀ ದಿನ ಮೊಬೈಲ್ ಹಿಡ್ಕಂಡೇ ಇರ್ತೀಯಲ್ಲೋ" ಅಂತ ಅಪ್ಪ ಅಂದರೆ ಊಟ ಬಿಟ್ಟು ಏಳುತ್ತಿದ್ದೆ. ಕೊನೆಗೆ ಅಕ್ಕ ಹಟ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯಕ್ಕಿರುವ ಮನೋಚೈತನ್ಯ ಕ್ಲಿನಿಕ್‌ಗೆ ಕರೆದೊಯ್ದಳು. ಡಾಕ್ಟರ್ ಓದಿನ ಮಾತೇ ಎತ್ತದೆ ಮೊದಲು ನಿದ್ದೆ ಸರಿಮಾಡಿದರು. ಗಣಿತ ತಲೆಗೆ ಹತ್ತಿದ್ದು ಆಮೇಲೆ, ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಪಕ್ಕ ಕೂತು, ಅವನು ಬರೆದದ್ದನ್ನು ನೋಡುತ್ತ, "ಇದು ಹೇಗೋ ಬಂತು?" ಅಂತ ಕೇಳುತ್ತ. ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದಿದ್ದ ವಿಷಯ, ಕ್ಲಿಯರ್ ಆಯಿತು.

ಹಾಗಾಗಿ ಯಾವ ಕೋರ್ಸ್ ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ. ಡ್ರಾಪ್ ಮಾಡಿದರೆ ಮತ್ತೆ ಅದೇ ಕೋಣೆ, ಅದೇ ಸ್ಕ್ರೀನ್, ಮತ್ತೆ ನೀವೊಬ್ಬರೇ. ಪಿಯುಸಿ ಪೂರ್ತಿ ಮೊದಲಿಂದ ಓದುವ ಅಗತ್ಯವೂ ಇಲ್ಲ. ಈ ಸೆಮಿಸ್ಟರ್‌ನಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೀರೋ ಅದಕ್ಕೆ ಬೇಕಾದಷ್ಟು ಮಾತ್ರ, ಕ್ಲಾಸಿನ ಒಬ್ಬರ ಪಕ್ಕ ಕೂತು ಕಲಿಯಿರಿ. ಅದಕ್ಕೂ ಮೊದಲು ನಿದ್ದೆ. ಇವತ್ತೇ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.