ಹೊಸದರ ವೇಗವೋ, ಹಳೆಯದರ 12 ಜಿಬಿಯೋ?

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಬಿಡುವಿನಲ್ಲಿ ಗೇಮ್ ಆಡುತ್ತಾನೆ, ಈಚೆಗೆ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ತ್ರೀಡಿ ಚಿತ್ರಗಳನ್ನು ಮಾಡಲು ಕಲಿಯುತ್ತಿದ್ದಾನೆ. ಮನೆಯಲ್ಲಿ ಒಂಬತ್ತನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ಕಂಪ್ಯೂಟರ್, 450 ವಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ), 1080ಪಿ ಮಾನಿಟರ್ ಇವೆ. ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೆಂದಿದ್ದೇವೆ. ಅಂಗಡಿಯವರು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಹೊಸದು, ಅದನ್ನೇ ಕೊಳ್ಳಿ ಎನ್ನುತ್ತಾರೆ. ಮಗನ ಗೆಳೆಯ 3060ರಲ್ಲಿ 12 ಜಿಬಿ ಮೆಮೊರಿ ಇದೆ, 4060ರಲ್ಲಿ 8 ಜಿಬಿ ಮಾತ್ರ, ಹಳೆಯದೇ ಮೇಲು ಎನ್ನುತ್ತಾನೆ. ಯಾರ ಮಾತು ಕೇಳಲಿ? (ಓದುಗರು, ಹಾಸನ)

ಉತ್ತರ: ಮಗ ಬ್ಲೆಂಡರ್ ಕಲಿಕೆಯನ್ನು ಗಂಭೀರವಾಗಿ ಮುಂದುವರಿಸುತ್ತಾನೆ ಎಂದಾದರೆ 12 ಜಿಬಿಯ 3060 ಕೊಡಿಸಿ. ಗೇಮ್ ಮಾತ್ರ ಎಂದಾದರೆ 4060. ಅಂಗಡಿಯವರು ವೇಗದ ಲೆಕ್ಕ ಹೇಳುತ್ತಿದ್ದಾರೆ, ಗೆಳೆಯ ಜಾಗದ ಲೆಕ್ಕ ಹೇಳುತ್ತಿದ್ದಾನೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೊದಲು ವೇಗ. 2021ರ ಫೆಬ್ರುವರಿಯಲ್ಲಿ ಬಂದ 3060ರಲ್ಲಿ 3584 ಕೋರ್‌ಗಳಿವೆ (ಲೆಕ್ಕ ಮಾಡುವ ಪುಟ್ಟ ಘಟಕಗಳು). 2023ರ ಜೂನ್‌ನಲ್ಲಿ ಬಂದ 4060ರಲ್ಲಿ 3072 ಮಾತ್ರ. ಕೋರ್ ಕಡಿಮೆಯಾಯಿತೆಂದು ಬೇಸರಪಡಬೇಕಾಗಿಲ್ಲ. ಹಳೆಯದರ ಕೋರ್‌ಗಳು ಹೆಚ್ಚೆಂದರೆ ಸುಮಾರು 1.78 ಗಿಗಾಹರ್ಟ್ಸ್‌ನಲ್ಲಿ ಓಡಿದರೆ ಹೊಸದರವು 2.46ರಲ್ಲಿ ಓಡುತ್ತವೆ. ಎರಡನ್ನೂ ಗುಣಿಸಿ ನೋಡಿ: 4060 ಶೇ 18-19ರಷ್ಟು ಮುಂದಿರುತ್ತದೆ. 1080ಪಿಯಲ್ಲಿ ಗೇಮ್‌ಗಳನ್ನು ಓಡಿಸಿ ನೋಡಿದಾಗಲೂ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. 3060ರಲ್ಲಿ ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಬರುವ ಕಡೆ 4060ರಲ್ಲಿ 70ರ ಆಸುಪಾಸು ಬರುತ್ತದೆ. ಒಳ್ಳೆಯದೇ, ಆದರೆ ಎರಡು ವರ್ಷಗಳ ಅಂತರಕ್ಕೆ ಇದು ದೊಡ್ಡ ಜಿಗಿತವಲ್ಲ.

ಮೆಮೊರಿಯ ಸ್ವಭಾವವೇ ಬೇರೆ. ಅದು ಶೇಕಡಾವಾರು ಲೆಕ್ಕಕ್ಕೆ ಸಿಗುವುದಿಲ್ಲ. ಗೇಮ್‌ಗೆ 7 ಜಿಬಿ ಸಾಕಾದರೆ 12 ಜಿಬಿ ಇದ್ದೂ ಒಂದು ಫ್ರೇಮ್ ಹೆಚ್ಚು ಬರುವುದಿಲ್ಲ. ಗೆಳೆಯನ ವಾದ ಅಲ್ಲಿ ಸೋಲುತ್ತದೆ. ಆದರೆ ಬೇಕಾದದ್ದು 9 ಜಿಬಿ ಆಗಿ, ಇರುವುದು 8 ಆದರೆ, ಮಿಕ್ಕದ್ದನ್ನು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ನಿಂದ ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಸ್ಲಾಟ್‌ನ ಮೂಲಕ ತರಿಸಿಕೊಳ್ಳಬೇಕಾಗುತ್ತದೆ. ನಿಮ್ಮ ಮನೆಯ ಕಂಪ್ಯೂಟರಿಗೆ ಪೆಟ್ಟು ಬೀಳುವುದು ಇಲ್ಲಿಯೇ. 3060 ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನ 16 ಲೇನ್‌ಗಳನ್ನೂ (ದತ್ತಾಂಶ ಸಾಗುವ ದಾರಿಗಳು) ಬಳಸುತ್ತದೆ, 4060 ಬಳಸುವುದು 8ನ್ನು ಮಾತ್ರ. ಹೊಸ ಮದರ್‌ಬೋರ್ಡ್‌ಗಳಲ್ಲಿ ಇದು ಅಷ್ಟಾಗಿ ಕಾಣಿಸುವುದಿಲ್ಲ. ಒಂಬತ್ತನೇ ತಲೆಮಾರಿನ ಇಂಟೆಲ್ ಬೋರ್ಡ್‌ನಲ್ಲಿರುವುದು ಹಳೆಯ 3.0 ಸ್ಲಾಟ್, ಅದರಲ್ಲಿ 8 ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ. 4060ರ ಸ್ವಂತ ಮೆಮೊರಿಯ ವೇಗವಾದರೋ ಸೆಕೆಂಡಿಗೆ 272 ಜಿಬಿ. 272 ಎಲ್ಲಿ, 8 ಎಲ್ಲಿ! ಮೆಮೊರಿ ತುಂಬಿದ ಕ್ಷಣಕ್ಕೆ ಗೇಮ್ ತಡವರಿಸತೊಡಗುತ್ತದೆ. ಗೇಮ್‌ನಲ್ಲಾದರೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಒಂದು ಹಂತ ಇಳಿಸಿ ಪಾರಾಗಬಹುದು.

ಬ್ಲೆಂಡರ್‌ನಲ್ಲಿ ಹಾಗೆ ಪಾರಾಗುವುದು ಕಷ್ಟ. ಸಣ್ಣ ದೃಶ್ಯಗಳನ್ನು 4060 ಸ್ಪಷ್ಟವಾಗಿ ಬೇಗ ರೆಂಡರ್ ಮಾಡುತ್ತದೆ (ಅಂತಿಮ ಚಿತ್ರವಾಗಿ ಮೂಡಿಸುತ್ತದೆ), ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಲಿಯುವವರ ದೃಶ್ಯಗಳು ಸಣ್ಣದಾಗಿ ಉಳಿಯುವುದಿಲ್ಲ. ಹುಲ್ಲು, ಮರ, ದೊಡ್ಡ ಟೆಕ್ಸ್ಚರ್‌ಗಳು ಸೇರುತ್ತಾ ಹೋಗಿ 8 ಜಿಬಿ ಮೀರಿದರೆ ರೆಂಡರ್ ವಿಪರೀತ ನಿಧಾನವಾಗುತ್ತದೆ, ಇಲ್ಲವೇ ಮೆಮೊರಿ ಸಾಲದೆಂದು ನಿಂತೇಬಿಡುತ್ತದೆ. ಕೆಲವು ನಿಮಿಷ ಹೆಚ್ಚು ಕಾಯುವುದನ್ನು ವಿದ್ಯಾರ್ಥಿ ಸಹಿಸಬಲ್ಲ. ಮಾಡಿದ ಕೆಲಸ ಪೂರ್ತಿಯಾಗುವುದೇ ಇಲ್ಲ ಎಂದಾದರೆ ಅವನ ಉತ್ಸಾಹ ಕುಗ್ಗುತ್ತದೆ. ನಾನು 12 ಜಿಬಿಯ ಕಡೆ ವಾಲುವುದು ಈ ಕಾರಣಕ್ಕೆ.

ಹೋಲಿಕೆಯ ಪಟ್ಟಿಗಳನ್ನು ಓದುವಾಗ ಸರಾಸರಿ ಫ್ರೇಮ್ ಸಂಖ್ಯೆಯೊಂದನ್ನೇ ನಂಬಬೇಡಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿ ಅಲುಗಾಡುವುದಿಲ್ಲ, ಕಣ್ಣಿಗೆ ಮಾತ್ರ ಆ ತಡೆ ಚೆನ್ನಾಗಿಯೇ ಗೊತ್ತಾಗುತ್ತದೆ. ‘1 ಪರ್ಸೆಂಟ್ ಲೋ’ ಎಂಬ ಸಂಖ್ಯೆ ಇಂಥ ನಿಧಾನದ ಫ್ರೇಮ್‌ಗಳನ್ನು ತೋರಿಸುತ್ತದೆ. ಮೆಮೊರಿಯ ಕೊರತೆ ಮೊದಲು ಬಯಲಾಗುವುದೂ ಅಲ್ಲಿಯೇ. ಫ್ರೇಮ್ ಜನರೇಷನ್ ಹಾಕಿ ತೋರಿಸಿದ ಸಂಖ್ಯೆಗಳನ್ನೂ ಬದಿಗಿಡಿ. ಆ ಸೌಲಭ್ಯ 4060ರಲ್ಲಿದೆ, ಎನ್‌ವಿಡಿಯಾ ಅದನ್ನು 3060ಕ್ಕೆ ಕೊಟ್ಟಿಲ್ಲ. ಎರಡು ಫ್ರೇಮ್‌ಗಳ ನಡುವೆ ಇನ್ನೊಂದನ್ನು ಹೆಣೆದು ತುಂಬುವುದರಿಂದ ನೋಟ ನಯವಾಗುತ್ತದೆ ನಿಜ, ಆದರೆ ಮೌಸ್ ಒತ್ತಿದ್ದಕ್ಕೆ ಗೇಮ್ ಬೇಗ ಸ್ಪಂದಿಸುವುದಿಲ್ಲ. ಸಾಲದ್ದಕ್ಕೆ ಅದಕ್ಕೂ ಮೆಮೊರಿ ಬೇಕು.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಈಗಿನ ಕಾರ್ಡ್‌ನಲ್ಲೇ ಮಗನ ಮೆಚ್ಚಿನ ಗೇಮ್ ಅನ್ನು 720ಪಿಗೆ ಇಳಿಸಿ ಆಡಲು ಹೇಳಿ. ಫ್ರೇಮ್‌ಗಳು ಹೆಚ್ಚದಿದ್ದರೆ ತಡೆಯುತ್ತಿರುವುದು ಪ್ರೊಸೆಸರ್. ಯಾವ ಕಾರ್ಡ್ ಹಾಕಿದರೂ ಆ ಗೇಮ್‌ನಲ್ಲಿ ಲಾಭ ಕಾಣದು.

ಎಸ್‌ಎಂಪಿಎಸ್ ಬಗ್ಗೆ ಎಚ್ಚರ ಬೇಕು. 3060ರದು 170 ವಾಟ್, 4060ರದು 115 ವಾಟ್. ಎನ್‌ವಿಡಿಯಾ ಎರಡಕ್ಕೂ 550 ವಾಟ್‌ನ ಎಸ್‌ಎಂಪಿಎಸ್ ಹೇಳುತ್ತದೆ. ನಿಮ್ಮದು ಒಳ್ಳೆಯ ತಯಾರಕರದ್ದಾಗಿದ್ದರೆ 4060 ಅದರಲ್ಲೇ ನಡೆಯುತ್ತದೆ. 3060 ಕೊಳ್ಳುವುದಾದರೆ ಹೊಸ ಎಸ್‌ಎಂಪಿಎಸ್‌ನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ. ಆ ಮೊತ್ತ 4060ರ ಬೆಲೆಯನ್ನು ದಾಟಿದರೆ ನನ್ನ ಸಲಹೆಯ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಕರೆಂಟ್ ಬಿಲ್‌ನ ಚಿಂತೆ ಬೇಡ: ದಿನಕ್ಕೆ 4 ಗಂಟೆ ಬಳಸಿದರೂ ತಿಂಗಳಿಗೆ 6-7 ಯೂನಿಟ್ ವ್ಯತ್ಯಾಸ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ 3060 ಕೇಳುವಾಗ ‘12 ಜಿಬಿ’ ಎಂದು ಒತ್ತಿ ಹೇಳಿ, ಪೆಟ್ಟಿಗೆಯ ಮೇಲೂ ಓದಿಕೊಳ್ಳಿ. ಅದೇ ಹೆಸರಿನಲ್ಲಿ 8 ಜಿಬಿಯ ಕಾರ್ಡ್ ಕೂಡ ಇದೆ. ಅದರ ಮೆಮೊರಿಯ ವೇಗ ಸೆಕೆಂಡಿಗೆ 360 ಜಿಬಿಯಿಂದ 240ಕ್ಕೆ ಇಳಿದಿದೆ, ಗೇಮ್‌ನಲ್ಲೂ ಅದು ಹಿಂದೆ ಬೀಳುತ್ತದೆ. ಒಂದೇ ಹೆಸರಿಟ್ಟು ಇದನ್ನು ಮಾರಿದ್ದು ಗ್ರಾಹಕರಿಗೆ ಮಾಡಿದ ಅನ್ಯಾಯ ಎಂದೇ ನಾನು ತಿಳಿಯುತ್ತೇನೆ.

ಪ್ರಶ್ನೆ: ಲ್ಯಾಪ್‌ಟಾಪ್‌ನ 4060 ಮತ್ತು ಡೆಸ್ಕ್‌ಟಾಪ್‌ನ 4060 ಒಂದೇ ತಾನೆ? (ಓದುಗರು, ಕಾರ್ಕಳ)

ಉತ್ತರ: ಕೋರ್‌ಗಳೂ ಮೆಮೊರಿಯೂ ಅಷ್ಟೇ ಇವೆ, ಆದರೆ ವಿದ್ಯುತ್ ಒಂದೇ ಅಲ್ಲ. ಲ್ಯಾಪ್‌ಟಾಪ್ ತಯಾರಕರು ಅದನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹಾಗಾಗಿ 4060 ಎಂಬ ಚೀಟಿ ಅಂಟಿಸಿದ ಎರಡು ಲ್ಯಾಪ್‌ಟಾಪ್‌ಗಳ ನಡುವೆಯೇ ದೊಡ್ಡ ಅಂತರವಿರಬಹುದು, ತೆಳ್ಳಗಿನ ಮಾದರಿಗಳಲ್ಲಿ ವಿಶೇಷವಾಗಿ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಷನ್ ತೆರೆದು, ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಷ್ಟೆಂದು ನೋಡಿ. 100 ವಾಟ್‌ಗಿಂತ ಬಹಳ ಕೆಳಗಿದ್ದರೆ ಅದೇ ಬೆಲೆಗೆ ಬೇರೆ ಮಾದರಿ ತೋರಿಸಲು ಕೇಳಿ.