ಬೆಂಗಳೂರಿನ ಚಳಿಗೆ ಕೋಳಿಗೂಡಿನಲ್ಲಿ ಬಲ್ಬ್ ಹಾಕಬೇಕಾ?

ದೊಡ್ಡ ಕೋಳಿಗಳಿಗಾದರೆ ಬೇಡ. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ, ಅಪರೂಪಕ್ಕೆ 12ಕ್ಕೆ ಇಳಿಯುತ್ತದೆ. ಕೋಳಿಯ ಮೈಶಾಖವೇ ಸುಮಾರು 41 ಡಿಗ್ರಿ. ಗರಿ ಉಬ್ಬಿಸಿಕೊಂಡು ಒತ್ತಾಗಿ ಕೂತರೆ ಈ ಚಳಿ ಅವಕ್ಕೆ ಲೆಕ್ಕಕ್ಕಿಲ್ಲ.

ನಿಜವಾಗಿ ಕಾಟ ಕೊಡುವುದು ತೇವ ಮತ್ತು ನೇರವಾಗಿ ಹೊಡೆಯುವ ಗಾಳಿ. ಚಳಿ ಅಂತ ಟಾರ್ಪಾಲಿನ್ ಹೊದಿಸಿ ಗೂಡನ್ನು ಪೂರ್ತಿ ಮುಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಉಸಿರಿನ ಹಬೆ, ಹಿಕ್ಕೆಯ ಅಮೋನಿಯಾ ಒಳಗೇ ನಿಂತು ಉಸಿರಾಟದ ಕಾಯಿಲೆ ಶುರುವಾಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ನಿಮ್ಮ ಕಣ್ಣು ಉರಿದರೆ ಗೂಡಿನಲ್ಲಿ ಗಾಳಿಯಾಡುತ್ತಿಲ್ಲ ಎಂದೇ ಅರ್ಥ. ಗೋಣಿಚೀಲವನ್ನು ಕೋಳಿ ಕೂತಾಗ ತಲೆ ಮರೆಯಾಗುವಷ್ಟು ಎತ್ತರಕ್ಕೆ ಮಾತ್ರ ಕಟ್ಟಿ, ಮುಖ್ಯವಾಗಿ ಪೂರ್ವದ ಬದಿಗೆ. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಅಲ್ಲಿಂದಲೇ ಬೀಸುತ್ತದೆ. ಸೂರಿನ ಕೆಳಗೆ ಒಂದು ಗೇಣು ಜಾಲರಿ ತೆರೆದೇ ಇರಲಿ. ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು ಹರಡಿ, ಒದ್ದೆಯಾದದ್ದನ್ನು ಅಂದಂದೇ ತೆಗೆಯಿರಿ. ಸಂಜೆ ಸ್ವಲ್ಪ ಮುಸುಕಿನ ಜೋಳ ಹಾಕಿದರೆ ರಾತ್ರಿ ಅರಗುವಾಗ ಮೈ ಬೆಚ್ಚಗಾಗುತ್ತದೆ.

ಮರಿಗಳ ವಿಷಯ ಬೇರೆ. ಗರಿ ಬರುವವರೆಗೆ ಅವಕ್ಕೆ ಶಾಖ ಬೇಕೇ ಬೇಕು: ಮೊದಲ ವಾರ 32–35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇದ್ದರೂ ಮರಿಗಳನ್ನೇ ಗಮನಿಸಿ. ಬಲ್ಬಿನ ಕೆಳಗೆ ಗುಂಪುಗೂಡಿ ಕಿರುಚುತ್ತಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಬಲ್ಬನ್ನು ವೈರಿನಲ್ಲಿ ನೇತುಹಾಕದೆ ಸರಪಳಿಯಲ್ಲಿ ಭದ್ರವಾಗಿ ಕಟ್ಟಿ, ಒಣ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.